1949ರಲ್ಲಿ ಲತಾ ಇನ್ನೂ ಗಾನಕೋಗಿಲೆಯಲ್ಲ

ಪ್ರೀತಿಯ ತಂಗಿ,

ನಲವತ್ತರ ದಶಕದ ಕೊನೆಯ ಹಿಂದಿ ಸಿನಿಮಾ ಬಗ್ಗೆ ನೀನು ಬರೆದದ್ದನ್ನು ಓದಿದೆ. ಬರವಣಿಗೆ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ 'ಸುವರ್ಣಯುಗ' ಅನ್ನೋ ಪದವನ್ನು ಕಂಡಕಂಡಲ್ಲಿ ಹೊಡೆದುಹಾಕು. ಮುಂದೆ ಏನಾಯಿತು ಅಂತ ನಿನಗೆ ಗೊತ್ತು. ಆಗ ಸಿನಿಮಾ ಮಾಡುತ್ತಿದ್ದವರಿಗೆ ಗೊತ್ತಿರಲಿಲ್ಲ, ಅಲ್ವಾ?

ಆ ಕಾಲ ಹೇಗಿತ್ತು ನೋಡು. 1947ರ ಜನವರಿಯಲ್ಲಿ ಗಾಯಕ-ನಟ ಸೈಗಲ್ ತೀರಿಕೊಂಡರು. ಆಗಸ್ಟ್‌ನಲ್ಲಿ ದೇಶ ಎರಡಾಯಿತು. ಗಾಯಕಿ-ನಟಿ ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು. ಲಾಹೋರ್‌ನಲ್ಲಿ ಹೆಸರು ಮಾಡಿದ್ದ ನಟ ಪ್ರಾಣ್ ಮುಂಬೈಗೆ ಬಂದು ತಿಂಗಳುಗಟ್ಟಲೆ ಕೆಲಸವಿಲ್ಲದೆ ಅಲೆದರು. ಕೊನೆಗೆ ಕತೆಗಾರ ಮಾಂಟೋ ಮತ್ತು ನಟ ಶ್ಯಾಮ್ ಕೈಹಿಡಿದದ್ದರಿಂದ 'ಜಿದ್ದಿ'ಯಲ್ಲಿ ಪಾತ್ರ ಸಿಕ್ಕಿತು. ಅದು ತೆರೆಗೆ ಬಂದ 1948ರಲ್ಲೇ ಮಾಂಟೋ ಕೂಡ ಲಾಹೋರ್‌ಗೆ ಹೊರಟುಹೋದರು. ಇದನ್ನು ನೀನು ಅರ್ಧ ಸಾಲಲ್ಲಿ ಮುಗಿಸಿದ್ದೀಯ.

'ಗಾನಕೋಗಿಲೆ ಲತಾ 'ಮಹಲ್'ಗೆ ಹಾಡಿದರು' ಅಂತ ಬರೆದಿದ್ದೀಯ. ಆಗ ಯಾವ ಕೋಗಿಲೆ? 1949ರ ಆ ಸಿನಿಮಾದ 'ಆಯೇಗಾ ಆನೇವಾಲಾ' ಹಾಡಿನ ಮೊದಲ ರೆಕಾರ್ಡ್ ಮೇಲೆ ಅವರ ಹೆಸರೇ ಇರಲಿಲ್ಲ. ಗಾಯಕಿಯ ಜಾಗದಲ್ಲಿ 'ಕಾಮಿನಿ' ಅಂತಿತ್ತು. ಅದು ಸಿನಿಮಾದಲ್ಲಿ ಮಧುಬಾಲಾ ಮಾಡಿದ ಪಾತ್ರದ ಹೆಸರು! ರೇಡಿಯೋ ಕೇಳುಗರು ಯಾರು ಹಾಡಿದ್ದು ಅಂತ ಕಾಗದದ ಮೇಲೆ ಕಾಗದ ಬರೆದ ಮೇಲೆ ಹೆಸರು ಹೊರಬಿತ್ತು. ಇನ್ನು ಆ ಹಾಡಿನ ಶುರು. ದನಿ ಎಲ್ಲಿಂದಲೋ ಹತ್ತಿರ ಬಂದಂತೆ ಕೇಳಬೇಕಿತ್ತು. ಲತಾ ಅವರೇ ಹೇಳಿಕೊಂಡ ಹಾಗೆ, ಕೋಣೆಯ ನಡುವೆ ಮೈಕ್ ಇಟ್ಟಿದ್ದರಂತೆ. ಇವರು ಮೂಲೆಯಿಂದ ಸಾಲು ಹಾಡುತ್ತಾ ನಡೆದು ಬಂದು, ಸರಿಯಾಗಿ ಪಲ್ಲವಿಯ ಹೊತ್ತಿಗೆ ಮೈಕ್ ಮುಂದೆ ನಿಲ್ಲಬೇಕಿತ್ತಂತೆ. ಆ ನಡಿಗೆಯನ್ನು ಬರಿ. 'ಅಲೌಕಿಕ ಕಂಠ' ಬೇಡ.

ಸಂಗೀತ ಕೊಟ್ಟ ಖೇಮ್‌ಚಂದ್ ಪ್ರಕಾಶ್ ಮೇಲೆ ಇನ್ನೊಂದು ಪ್ಯಾರಾ ಆದರೂ ಬೇಕು. 'ಮಹಲ್' ತೆರೆಗೆ ಬರುವ ಮೊದಲೇ ಅವರು ತೀರಿಕೊಂಡರು. ಹಾಡು ಊರೆಲ್ಲ ಗುನುಗಿದ್ದು ಅವರಿಗೆ ಕೇಳಿಸಲೇ ಇಲ್ಲ. 'ಜಿದ್ದಿ'ಯಲ್ಲಿ ಕಿಶೋರ್ ಕುಮಾರ್‌ಗೆ ಹಾಡು ಕೊಟ್ಟವರೂ ಅವರೇ. ಅದನ್ನೊಮ್ಮೆ ಹಾಕಿ ಕೇಳು. ನಮ್ಮ ಕಿಶೋರ್ ಅಲ್ಲಿಲ್ಲ, ಥೇಟ್ ಸೈಗಲ್! ಸತ್ತವರ ದನಿ ಹೊಸಬರ ಗಂಟಲಲ್ಲಿ ಇನ್ನೂ ಕೂತಿತ್ತು.

'ಅಂದಾಜ್' ಕೂಡ 1949ರದ್ದೇ. ಅದರಲ್ಲಿ ದಿಲೀಪ್ ಕುಮಾರ್‌ಗೆ ಹಾಡಿದ್ದು ಮುಕೇಶ್, ರಾಜ್ ಕಪೂರ್‌ಗೆ ರಫಿ. ಆಮೇಲೆ ರಾಜ್ ಕಪೂರ್ ಅಂದರೆ ಮುಕೇಶ್, ದಿಲೀಪ್ ಅಂದರೆ ರಫಿ ಅಂತ ಆದದ್ದರಿಂದ ನಮ್ಮ ಕಿವಿಗೆ ಇದು ಉಲ್ಟಾ ಅನ್ನಿಸುತ್ತದೆ. ಯಾವ ಮುಖಕ್ಕೆ ಯಾವ ದನಿ ಅಂತ ಆಗಿನ್ನೂ ಗಟ್ಟಿಯಾಗಿರಲಿಲ್ಲ. ನೀನು ಇದನ್ನು 'ಸ್ವಾರಸ್ಯಕರ ಸಂಗತಿ' ಅಂತ ಕೊನೆಗೆ ತಳ್ಳಿದ್ದೀಯ. ನನ್ನ ಕೇಳಿದರೆ ಲೇಖನ ಇಲ್ಲಿಂದಲೇ ಶುರುವಾಗಬೇಕು.

ಗುರುದತ್ ಬೆಂಗಳೂರಲ್ಲಿ ಹುಟ್ಟಿದವರು ಅಂತ ಸುಮ್ನೆ ಹೆಮ್ಮೆಗೆ ಎಳೆದು ತಂದಿದ್ದೀಯ. ಅವರ ನಿರ್ದೇಶನದ ಮೊದಲ ಚಿತ್ರ ಬಂದದ್ದು 1951ರಲ್ಲಿ. ತಂದೇ ತರುತ್ತೇನೆ ಅಂದರೆ 1946ರ 'ಹಮ್ ಏಕ್ ಹೈ'ಗೆ ಕುಣಿತ ಕಲಿಸುತ್ತಿದ್ದ ಹುಡುಗನನ್ನು ತಾ. ದೇವ್ ಆನಂದ್ ಮೊದಲ ಸಿನಿಮಾ ಅದು. ಇಬ್ಬರೂ ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ ಅವಕಾಶ ಹುಡುಕುತ್ತಿದ್ದವರು.

ತಿದ್ದಿ ಕಳಿಸು. ಸ್ವಲ್ಪ ಜಾಸ್ತಿ ಉದ್ದವಾದರೂ ಓದುತ್ತೇನೆ.

ಇಂತಿ,
ನಿನ್ನ ಅಣ್ಣ