ನಿಲಸ್ಕಲ್ಲಿನ ಕಲ್ಲು ಉಳಿಯಬೇಕಾದರೆ ಬಯಲೂ ಉಳಿಯಬೇಕು

ಇವರಿಗೆ,
ಅಧ್ಯಕ್ಷರು, ಸದಸ್ಯರು ಹಾಗೂ ಪಿಡಿಒ ಅವರು,
ನಮ್ಮ ಗ್ರಾಮ ಪಂಚಾಯಿತಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ವಿಷಯ: ನಿಲಸ್ಕಲ್ಲಿನ ನಿಲುವುಗಲ್ಲುಗಳನ್ನೂ ಅವುಗಳ ನಡುವಿನ ಬಯಲನ್ನೂ ಕಾಪಾಡುವ ಬಗ್ಗೆ

ಮಾನ್ಯರೇ,

ನಮ್ಮ ಊರಿಗೆ ಹೆಸರು ಬಂದದ್ದೇ ಈ ಕಲ್ಲುಗಳಿಂದ. ದಕ್ಷಿಣ ಭಾರತದಲ್ಲಿ ಇಂಥ ನೆಲೆಗಳು ಹೆಚ್ಚಾಗಿ ಕಬ್ಬಿಣ ಯುಗದವು, ಎಂದರೆ ಎರಡು ಸಾವಿರ ವರ್ಷಕ್ಕೂ ಹಿಂದಿನವು. ಹತ್ತಿರ ಹೋಗಿ ನೋಡಿ. ಕಂಬದ ಹಾಗೆ ದುಂಡಗಿಲ್ಲ, ಚಪ್ಪಡಿಯ ಹಾಗೆ ಚಪ್ಪಟೆ. ಅಗಲದ ಬದಿ ಉತ್ತರ-ದಕ್ಷಿಣಕ್ಕೆ ಚಾಚಿದೆ. ಮಳೆಗಾಲದ ಹಾವಸೆ ಒಣಗಿ ಬೂದಿ ಬಣ್ಣದ ಪೊರೆಯಾಗಿ ಕಲ್ಲಿಗೆ ಅಂಟಿಕೊಂಡಿದೆ.

ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಅವರ ಜೊತೆಗಾರರು ಇಲ್ಲಿಯೂ ಇಂಥದೇ ಕಲ್ಲುಗಳಿರುವ ಹತ್ತಿರದ ಊರು ಬೈಸೆಯಲ್ಲಿಯೂ ಅಳತೆ ಮಾಡಿದ್ದಾರೆ. ಒಂದು ಕಲ್ಲಿನಿಂದ ಇನ್ನೊಂದರ ಕಡೆ ನೋಡಿದರೆ, ಸೂರ್ಯ ಉತ್ತರದ ಅಥವಾ ದಕ್ಷಿಣದ ಕೊನೆ ಮುಟ್ಟಿ ತಿರುಗುವ ಜೂನ್, ಡಿಸೆಂಬರ್‌ನ ದಿನಗಳಲ್ಲಿ ಅವನು ಹುಟ್ಟುವ ಅಥವಾ ಮುಳುಗುವ ಜಾಗಕ್ಕೆ ಕೆಲವು ಗೆರೆಗಳು ಸರಿಯಾಗಿ ಹೊಂದುತ್ತವೆ ಎಂಬುದು ಅವರು ಕಂಡುಕೊಂಡದ್ದು. ಜೂನ್‌ನಲ್ಲಿ ನಮ್ಮ ಮಲೆನಾಡಿನಲ್ಲಿ ಮೋಡ ಬಿಟ್ಟರೆ ಇನ್ನೇನು ಕಾಣುತ್ತೆ, ಅಲ್ವಾ? ಹಾಗಾಗಿ ನೋಡಲು ಸಿಗುವುದು ಡಿಸೆಂಬರ್ 21-22ರ ಸೂರ್ಯನೇ. ನಾವು ಉತ್ತರಾಯಣ ಅಂತ ಎಳ್ಳು-ಬೆಲ್ಲ ಹಂಚುವುದು ಜನವರಿಯಲ್ಲಾದರೂ ಸೂರ್ಯ ನಿಜವಾಗಿ ತಿರುಗುವುದು ಆಗಲೇ.

ಅದಕ್ಕೇ ಹೇಳುತ್ತಿದ್ದೇವೆ, ಕಲ್ಲಿನ ಸುತ್ತ ನಾಲ್ಕು ಕಂಬ ನೆಟ್ಟು ತಂತಿ ಬೇಲಿ ಹಾಕಿದರೆ ಸಾಲದು. ಕಲ್ಲಿಗೂ ಕಲ್ಲಿಗೂ ನಡುವೆ, ಕಲ್ಲಿಗೂ ಎದುರಿನ ಗುಡ್ಡಕ್ಕೂ ನಡುವೆ ಕಣ್ಣು ಹಾಯಬೇಕು. ಅಲ್ಲಿ ಅಕೇಶಿಯಾ ನೆಟ್ಟರೆ, ನೀರಿನ ಟ್ಯಾಂಕ್ ಕಟ್ಟಿದರೆ ಕಲ್ಲು ಇದ್ದೂ ಇಲ್ಲದ ಹಾಗೆ.

ಹೋದ ಬೇಸಿಗೆಯಲ್ಲಿ ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಅಗಳ (ಕಂದಕ) ಹೊಡೆಯಲು ಬಂದ ಜೆಸಿಬಿ ಒಂದು ವಾಲಿದ ಕಲ್ಲಿನ ಬುಡದ ಮಣ್ಣನ್ನೇ ಎಳೆದುಹಾಕಿತು. ಕಲ್ಲು ಅಲುಗಾಡದಿರಲಿ ಎಂದು ಅಂದಿನವರು ಬಿಗಿದಿದ್ದ ಸಣ್ಣ ಕಲ್ಲುಗಳು ಮಣ್ಣಿನ ಜೊತೆ ಮೇಲೆ ಬಂದವು. ನಾವು ಕೂಗಿದ ಮೇಲೆ ಡ್ರೈವರ್ ನಿಲ್ಲಿಸಿದ. ಪಾಪ, ಅವನನ್ನು ಬೈದು ಏನು ಮಾಡುವುದು, ಅಲ್ಲಿ ಒಂದು ಬೋರ್ಡೂ ಇಲ್ಲ, ಅವನಿಗೆ ಕೊಟ್ಟ ನಕ್ಷೆಯಲ್ಲಿ ಗುರುತೂ ಇರಲಿಲ್ಲ.

ಮುಂದಿನ ಗ್ರಾಮಸಭೆಯಲ್ಲೇ ಈ ವಿಷಯ ಇಟ್ಟು ಠರಾವು ಮಾಡಿ. ನಿಂತವು, ವಾಲಿದವು, ಬಿದ್ದವು ಎಲ್ಲವನ್ನೂ ಸರ್ವೆ ನಂಬರ್ ಸಮೇತ ಗುರುತಿಸಿ ನಕ್ಷೆಗೆ ಸೇರಿಸಿ, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಕಳಿಸಿ, ಪ್ರಾಚೀನ ಸ್ಮಾರಕಗಳ ಕುರಿತ 1961ರ ರಾಜ್ಯ ಕಾಯ್ದೆಯಡಿ ಇಡೀ ಬಯಲಿಗೆ ಏನು ರಕ್ಷಣೆ ಸಿಗುತ್ತದೆ ಎಂದು ಇಲಾಖೆಯಿಂದ ಬರಹದಲ್ಲೇ ಕೇಳಿ. ಅಲ್ಲಿಯವರೆಗೆ ಆ ಜಾಗದಲ್ಲಿ ಗಿಡ ನೆಡುವುದು, ಅಗಳ ಹೊಡೆಯುವುದು, ಮಣ್ಣು ತೆಗೆಯುವುದು ಬೇಡ. ದಯವಿಟ್ಟು ವಾಲಿದ ಕಲ್ಲನ್ನು ನೆಟ್ಟಗೆ ಮಾಡಿ ಸಿಮೆಂಟ್ ಹಾಕಿಸಲೂ ಬೇಡಿ. ಒಂದು ಗೇಣು ದಿಕ್ಕು ತಪ್ಪಿದರೂ ಆ ಗೆರೆ ಮತ್ತೆ ಸಿಗುವುದಿಲ್ಲ.

ತೆಲಂಗಾಣದಲ್ಲಿ ಕೃಷ್ಣಾ ತೀರದ ಮುಡುಮಾಲ್‌ನ ನಿಲುವುಗಲ್ಲುಗಳು 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿವೆ. ನಾವು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ.

ಡಿಸೆಂಬರ್ 22ರ ಬೆಳಿಗ್ಗೆ ಆರೂವರೆಗೆ ನೀವೆಲ್ಲ ಬನ್ನಿ. ಇಬ್ಬನಿ ಜಾಸ್ತಿ ಇರುತ್ತೆ, ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳಿ. ಯಾವ ಕಲ್ಲಿನ ಪಕ್ಕ ನಿಲ್ಲಬೇಕು ಎಂದು ನಾವು ತೋರಿಸುತ್ತೇವೆ.

ಇಂತಿ ನಿಮ್ಮ,
ನಿಲಸ್ಕಲ್ ಗ್ರಾಮಸ್ಥರು