ಬಸ್ರಾಕ್ಕೆ ಹೊರಟ ಹುಡುಗರಿಗೆ ಇದನ್ನ ಯಾರು ಹೇಳ್ತಾರೆ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಪಕ್ಕದ ಮನೆ ಹುಡುಗ ಮೊಬೈಲಲ್ಲಿ ಒಂದು ಜಾಹೀರಾತು ತೋರಿಸಿದ, ಇರಾಕಿನ ಬಸ್ರಾದಲ್ಲಿ ಎಸಿ ಟೆಕ್ನಿಷಿಯನ್ ಕೆಲಸ, ಊಟ ವಸತಿ ಫ್ರೀ, ಸಂಬಳ ಡಾಲರಲ್ಲಿ. ಅಣ್ಣಾ ನೀವು ಅಲ್ಲೇ ಇದ್ರಲ್ಲ, ಹೋಗ್ಬಹುದಾ ಅಂತ ಕೇಳಿದ. 2017ರಿಂದ 2019ರ ತನಕ ಅದೇ ಊರಲ್ಲಿ ಅದೇ ಕೆಲಸ ಮಾಡಿದವನು ನಾನು. ಹೋಗ್ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ, ಆ ದುಡ್ಡಲ್ಲೇ ನನ್ನ ತಂಗಿ ಮದುವೆ ಆಗಿದ್ದು. ಆದ್ರೆ ಜಾಹೀರಾತಲ್ಲಿ ಇಲ್ಲದ ವಿಷಯ ತುಂಬಾ ಇದೆ, ಅದಕ್ಕೇ ಈ ಪತ್ರ.

ವಸತಿ ಫ್ರೀ ಅನ್ನೋದು ನಿಜ. ಒಂದು ಪೋರ್ಟಾ ಕ್ಯಾಬಿನ್, ಅಂದ್ರೆ ತಂದಿಟ್ಟ ಡಬ್ಬದಂಥ ರೂಮು, ಅದರಲ್ಲಿ ನಾಲ್ಕು ಜನ, ಕ್ಯಾಂಪಿನ ಸುತ್ತ ಎರಡಾಳೆತ್ತರದ ಕಾಂಕ್ರೀಟ್ ಗೋಡೆ. ಟಿ-ವಾಲ್ ಅಂತಾರೆ ಅದನ್ನ, ಹೊರಗೆ ಏನಾದ್ರೂ ಸಿಡಿದ್ರೆ ಚೂರು ಒಳಗೆ ಬರಬಾರದು ಅಂತ. ಗೇಟಿನಾಚೆ ಕಾಲಿಡಬೇಕಂದ್ರೆ ಪರ್ಮಿಷನ್ ಬೇಕು, ಎರಡು ವರ್ಷದಲ್ಲಿ ನಾನು ಬಸ್ರಾ ಪೇಟೆ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಆಯಿಲ್ ಫೀಲ್ಡಿಗೆ ಹೋಗೋವಾಗ ಯುರೋಪಿನ ಇಂಜಿನಿಯರುಗಳಿಗೆ ಬುಲೆಟ್‌ಪ್ರೂಫ್ ಗಾಡಿ, ಹಿಂದೆ ಮುಂದೆ ಸೆಕ್ಯುರಿಟಿ. ಅದೇ ರಸ್ತೆಲಿ ಸಬ್ ಕಾಂಟ್ರ್ಯಾಕ್ಟರ್ ಕೈಕೆಳಗಿನ ನಾವು ಮಾಮೂಲಿ ಮಿನಿ ಬಸ್ಸಲ್ಲಿ, ಕಿಟಕಿಗೆ ಒಂದು ಪರದೆ ಕಟ್ಕೊಂಡು.

ಬಿಸಿಲಿನ ಬಗ್ಗೆ ಹೇಳಿದ್ರೆ ಇಲ್ಲಿ ಯಾರೂ ನಂಬಲ್ಲ. ನಾನು ಹೋಗೋ ಹಿಂದಿನ ವರ್ಷ, 2016ರ ಜುಲೈಯಲ್ಲಿ, ಬಸ್ರಾದಲ್ಲಿ 53.9 ಡಿಗ್ರಿ ಆಗಿತ್ತು. ಸಂಜೆ ನಲ್ಲಿ ಬಿಟ್ರೆ ಟ್ಯಾಂಕ್ ನೀರು ಮೈ ಸುಡೋದು, ಅದಕ್ಕೆ ಬೆಳಗ್ಗೆನೇ ಬಕೆಟ್ ತುಂಬಿ ಕ್ಯಾಬಿನ್ ಒಳಗೆ ಇಟ್ಕೋತಿದ್ವಿ. ಆ ನೀರೂ ಉಪ್ಪು, ಸೋಪು ನೊರೆ ಬರಲ್ಲ. ಎಸಿಯ ಹೊರಗಿನ ಯೂನಿಟ್ಟಿನ ಕಾಯಿಲಿಗೆ ಧೂಳು ಕೂತು ಕಂಪ್ರೆಸರ್ ಟ್ರಿಪ್ ಆಗಿ ನಿಂತುಬಿಡೋದು, ತೊಳೆಯೋಕೆ ಇರೋದು ಅದೇ ನೀರು, ತೊಳೆದು ಅರ್ಧ ಗಂಟೆಗೆ ಫಿನ್ (ಕಾಯಿಲಿನ ತೆಳು ಲೋಹದ ಎಲೆ) ಮೇಲೆ ಬಿಳಿ ಉಪ್ಪಿನ ಪದರ, ಒಂದು ಸೀಸನ್ ಕಳೆಯೋದ್ರೊಳಗೆ ಫಿನ್ ಕೈಲಿ ಮುಟ್ಟಿದ್ರೆ ಪುಡಿಪುಡಿ. ಮೇಲಿನ ಅಣೆಕಟ್ಟುಗಳಿಂದ ಟೈಗ್ರಿಸ್ ಯುಫ್ರೆಟಿಸ್ ನದಿಗಳ ನೀರು ಕಮ್ಮಿ ಆಗಿ ಸಮುದ್ರದ ಉಪ್ಪುನೀರು ಅವೆರಡೂ ಸೇರಿ ಬಸ್ರಾದಲ್ಲಿ ಹರಿಯೋ ಶತ್ ಅಲ್ ಅರಬ್ ನದಿಯೊಳಗೆ ನುಗ್ಗಿದ್ದು ಇದಕ್ಕೆ ದೊಡ್ಡ ಕಾರಣ. 2018ರ ಬೇಸಿಗೆಲಿ ಈ ಕೆಟ್ಟ ನೀರಿಂದ 1 ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು. ನಮಗಾದ್ರೂ ಬಾಟ್ಲಿ ನೀರಿತ್ತು, ಕ್ಯಾಂಪಲ್ಲಿ ಕ್ಲೀನಿಂಗಿಗೆ ಬರ್ತಿದ್ದ ಬಸ್ರಾದ ಹುಡುಗರಿಗೆ ಅದೂ ಇರ್ಲಿಲ್ಲ, ಮನೆಗೆ ಹೋಗೋವಾಗ ಖಾಲಿ ಬಾಟ್ಲಿಗೆ ನಮ್ಮ ಕೂಲರಿಂದ ನೀರು ತುಂಬ್ಕೊಂಡು ಹೋಗೋರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ.

ಆ ಸೆಪ್ಟೆಂಬರಲ್ಲಿ ಆ ಸಿಟ್ಟೇ ಬೀದಿಗೆ ಬಂತು. ಸರ್ಕಾರಿ ಕಟ್ಟಡಗಳಿಗೆ ಬೆಂಕಿ, ಇರಾನ್ ಕಾನ್ಸುಲೇಟಿಗೆ ಬೆಂಕಿ, ಊರಿಗೆಲ್ಲ ಕರ್ಫ್ಯೂ. ಆವತ್ತು ರಾತ್ರಿ ಬ್ಯಾಗ್ ರೆಡಿ ಮಾಡ್ಕೊಳ್ಳಿ ಅಂದ್ರು, ಬ್ಯಾಗಿಗೆ ಬಟ್ಟೆ ತುಂಬ್ತಾ ಇದ್ದಾಗ ಹೊಳೀತು, ನನ್ನ ಪಾಸ್‌ಪೋರ್ಟ್ ನನ್ನತ್ರ ಇಲ್ಲ. ಹೋದ ದಿನವೇ ರೆಸಿಡೆನ್ಸಿ, ಅಂದ್ರೆ ಅಲ್ಲಿರೋಕೆ ಪರ್ಮಿಟ್, ಮಾಡಿಸ್ತೀವಿ ಅಂತ ಕಂಪನಿಯವರು ತಗೊಂಡಿದ್ರು, ವಾಪಸ್ ಕೊಟ್ಟಿರ್ಲಿಲ್ಲ. ಮೊಬೈಲಲ್ಲಿ ಒಂದು ಫೋಟೋ ಬಿಟ್ರೆ ನಾನು ಯಾರು ಅಂತ ಹೇಳೋಕೆ ಬೇರೇನೂ ಇಲ್ಲ. ನಮ್ಮ ರಾಯಭಾರ ಕಚೇರಿ ಇದ್ದಿದ್ದು 500 ಕಿಲೋಮೀಟರಿಗೂ ದೂರದ ಬಾಗ್ದಾದಲ್ಲಿ, ಕಾನ್ಸುಲೇಟ್ ಉತ್ತರದ ತುದಿಯ ಎರ್ಬಿಲಲ್ಲಿ. ನಮ್ಮ ಕ್ಯಾಬಿನ್ನಲ್ಲಿ ನಾಲ್ಕು ಜನರೂ ಅಲ್ಲಿ ಹೆಸರು ನೋಂದಾಯಿಸಿರ್ಲಿಲ್ಲ, ಹಾಗೆ ಮಾಡ್ಬೇಕು ಅಂತಾನೇ ಗೊತ್ತಿರ್ಲಿಲ್ಲ.

ಅದೇ ವರ್ಷ ಮಾರ್ಚಲ್ಲಿ, 2014ರಲ್ಲಿ ಉತ್ತರ ಇರಾಕಿನ ಮೊಸುಲಿಂದ ಅಪಹರಣ ಆಗಿದ್ದ 39 ಭಾರತೀಯ ಕಾರ್ಮಿಕರು ಸತ್ತಿದ್ದಾರೆ ಅಂತ ಸರ್ಕಾರ ಸಂಸತ್ತಲ್ಲಿ ಹೇಳ್ತಲ್ಲ, ಆ ಸುದ್ದಿ ಬಂದಾಗ ನಾವು ಮೆಸ್ಸಲ್ಲಿದ್ವಿ. ಅವರಲ್ಲಿ ಹೆಚ್ಚಿನೋರು ಪಂಜಾಬಿನವರು. ನಮ್ಮ ಜೊತೆ ಇದ್ದ ಪಂಜಾಬಿ ವೆಲ್ಡರ್ ತಟ್ಟೆ ಹಾಗೇ ಬಿಟ್ಟು ಎದ್ದು ಹೋದ. ಆ ಮನೆಯವರು ನಾಲ್ಕು ವರ್ಷ ಕಾದಿದ್ರು ಸರ್.

ನನ್ನ ಮುಖ್ಯ ಮಾತು ಇದು. ಅಪಾಯದ ಊರಿಗೆ ಜನ ಹೋಗೇ ಹೋಗ್ತಾರೆ, ಆದ್ರೆ ಕಾಗದಪತ್ರ ಸರಿ ಇಲ್ಲದೇ ಹೋಗೋದು ತಪ್ಪಬೇಕು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್), ಅವರು ಇರಾಕಿಗೆ ಕೆಲಸಕ್ಕೆ ಹೋಗ್ಬೇಕಂದ್ರೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದ್ರೆ ಸರ್ಕಾರದ ಅನುಮತಿ ಬೇಕು, ಅವರಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಅನ್ನೋ ವಿಮೆ ಕಡ್ಡಾಯ. ನನ್ನಂಥ ಹತ್ತನೇ ಪಾಸಾದವರಿಗೆ ಈ ತಡೆ ಇಲ್ಲ, ಯಾರೂ ಕೇಳಲ್ಲ, ವಿಸಿಟ್ ವೀಸಾದಲ್ಲಿ ದುಬೈ ಮೇಲಿಂದ ದಾಟಿಸಿಬಿಡ್ತಾರೆ. ಏಜೆಂಟ್ ಸರ್ವಿಸ್ ಚಾರ್ಜ್ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳೋಹಾಗಿಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? ನಾನು ಅದರ ನಾಲ್ಕು ಪಟ್ಟು ಕೊಟ್ಟೆ, ರಸೀದಿ ಇಲ್ಲ.

ಲೈಸೆನ್ಸ್ ಇರೋ ಏಜೆಂಟ್ ಯಾರು ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ನೋಡ್ಬಹುದು. ದಯವಿಟ್ಟು ನಿಮ್ಮ ಪತ್ರಿಕೆ ವಿದೇಶಿ ಉದ್ಯೋಗದ ಜಾಹೀರಾತು ತಗೊಳ್ಳೋವಾಗ ಆ ಲೈಸೆನ್ಸ್ ನಂಬರ್ ಕೇಳಿ, ಜಾಹೀರಾತಿನ ಜೊತೆಗೇ ಅಚ್ಚು ಹಾಕಿ, ನಂಬರ್ ಕೊಡದವರ ಜಾಹೀರಾತು ಹಾಕ್ಬೇಡಿ. ಪಕ್ಕದ ಮನೆ ಹುಡುಗನಿಗೆ ಏಜೆಂಟ್ ಹತ್ರ ಆ ನಂಬರ್ ಕೇಳು ಅಂದಿದ್ದೀನಿ, ಏಜೆಂಟ್ ಮೂರು ದಿನದಿಂದ ಫೋನ್ ಎತ್ತಿಲ್ಲವಂತೆ.

ಇಂತಿ,
ಒಬ್ಬ ಎಸಿ ಮೆಕ್ಯಾನಿಕ್, ಕಾರ್ಕಳ