ಹಳೇ ಲಿಂಕ್‌ಗಳನ್ನ ಸಾಯಿಸ್ಬೇಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳು ತಮ್ಮ ವೆಬ್‌ಸೈಟ್‌ಗೆ ಹೊಸ ರೂಪ ಕೊಟ್ಟಾಗಲೆಲ್ಲ ಹಳೇ ಲೇಖನಗಳ ಲಿಂಕ್ ಕೆಟ್ಟು ಹೋಗ್ತಿರೋದರ ಬಗ್ಗೆ ಈ ಪತ್ರ. ಇದೇನಪ್ಪಾ ಅಂಥ ದೊಡ್ಡ ವಿಷ್ಯ ಅಂತ ಕೆಲವರಿಗೆ ಅನ್ನಿಸಬಹುದು, ಆದ್ರೆ ಸ್ವಂತ ಬ್ಲಾಗ್ ಇಟ್ಕೊಂಡು ವರ್ಷಗಟ್ಟಲೆ ಬರೀತಾ ಬಂದಿರೋ ನನ್ನಂಥೋರಿಗೆ ಇದು ದಿನಾ ಎದುರಾಗೋ ಸಂಕಟ, ಮತ್ತೆ ಇದನ್ನ ಸರಿ ಮಾಡೋ ಶಕ್ತಿ ನಮ್ಮ ಕೈಲಿಲ್ಲ, ನಿಮ್ಮಂಥೋರ ಕೈಲಿದೆ, ಅದಕ್ಕೇ ನಿಮಗೇ ಬರೀತಿದೀನಿ.

ನನ್ನ ಬ್ಲಾಗಲ್ಲಿ ನಾನು ಬರೆಯೋದು ವೆಬ್ ಬಗ್ಗೇನೇ. ಸೈಟ್‌ಗಳು ಹೇಗೆ ನಡೀತವೆ, ಜನ ಆನ್‌ಲೈನಲ್ಲಿ ಹೇಗೆ ಓದ್ತಾರೆ, ಯಾವ ಸರ್ವಿಸ್ ಹೊಸದಾಗಿ ಬಂತು ಯಾವುದು ಬಾಗಿಲು ಹಾಕ್ತು, ಇಂಥವೇ. ಬ್ಲಾಗ್ ನಡೆಸೋದು ಅಂದ್ರೆ ಹೊಸ ಹೊಸ ಪೋಸ್ಟ್ ಹಾಕ್ತಿರೋದು ಅಂತ ಎಲ್ರೂ ಅಂದ್ಕೋತಾರೆ, ನಿಜ ಹೇಳ್ಬೇಕಂದ್ರೆ ಅರ್ಧಕ್ಕರ್ಧ ಕೆಲಸ ಹಳೇದನ್ನ ಕಾಪಾಡೋದು. ಯಾಕಂದ್ರೆ ಓದೋಕೆ ಬರೋ ಜನ ಹೆಚ್ಚಾಗಿ ಇವತ್ತಿನ ಪೋಸ್ಟಿಗೆ ಬರಲ್ಲ, ಏನೋ ಒಂದು ಹುಡುಕ್ತಾ ಸರ್ಚಿಂದ ಸೀದಾ ಯಾವುದೋ ಹಳೇ ಪೋಸ್ಟಿಗೆ ಬಂದು ಇಳೀತಾರೆ, ಬಂದೋರಿಗೆ ಅಲ್ಲಿರೋ ಲಿಂಕ್ ಒತ್ತಿದ್ರೆ ಏನೂ ಸಿಗದೇ ಹೋದ್ರೆ ಆ ಪೋಸ್ಟಲ್ಲಿ ನಾನು ಹೇಳಿದ ಮಾತಿಗೇ ಆಧಾರ ಇಲ್ಲದಂಗಾಗುತ್ತೆ.

ಒಂದು ಉದಾಹರಣೆ ಕೊಡ್ತೀನಿ, ಪತ್ರಿಕೆ ಹೆಸರು ಬೇಡ. ಅವರ ಹಳೇ ಸೈಟಲ್ಲಿ ಪ್ರತಿ ಲೇಖನದ ವಿಳಾಸದ ಕೊನೇಲಿ ಒಂದು ನಂಬರ್ ಇರ್ತಿತ್ತು, ಐಡಿ ಈಕ್ವಲ್ ಟು ಇಷ್ಟು ಅಂತ. ಹೊಸ ಸಾಫ್ಟ್‌ವೇರ್‌ಗೆ ಹೋದ್ಮೇಲೆ ನಂಬರ್ ಹೋಯ್ತು, ಅದರ ಜಾಗದಲ್ಲಿ ತಲೆಬರಹದ ಪದಗಳು ಬಂದ್ವು. ಲೇಖನಗಳು ಒಳಗೆಲ್ಲೋ ಇವೆ, ತಲೆಬರಹ ಹಾಕಿ ಹುಡುಕಿದ್ರೆ ಕೆಲವು ಸಿಗ್ತವೆ ಕೂಡ, ಆದ್ರೆ ಹಳೇ ವಿಳಾಸ ಒತ್ತಿದ್ರೆ ಸೀದಾ ಮುಖಪುಟಕ್ಕೆ ಹೋಗಿ ಇವತ್ತಿನ ಸುದ್ದಿ ತೋರಿಸುತ್ತೆ. ಇದು 404 ಬರೋದಕ್ಕಿಂತ ಕೆಟ್ಟದ್ದು. 404 ಬಂದ್ರೆ ಪುಟ ಇಲ್ಲ ಅಂತಾದ್ರೂ ಗೊತ್ತಾಗುತ್ತೆ, ಇಲ್ಲಿ ಸರ್ವರ್ ಎಲ್ಲಾ ಸರಿ ಇದೆ ಅಂತ 200 ಅನ್ನೋ ಉತ್ತರ ಕೊಡುತ್ತೆ, ಅದನ್ನ ನೋಡಿ ನಾನು ಹಾಕ್ಕೊಂಡಿರೋ ಲಿಂಕ್ ಚೆಕ್ಕರ್ ಕೂಡ ಸರಿ ಇದೆ ಅಂತ ಹಸಿರು ಟಿಕ್ ಹಾಕುತ್ತೆ, ಓದೋನು ಮಾತ್ರ ಪಕ್ಕಾ ಮೋಸ ಹೋಗ್ತಾನೆ. ಹಾಗಾಗಿ ನಾನು ಪೋಸ್ಟಿಗೆ ಪೋಸ್ಟ್ ಕೂತ್ಕೊಂಡು ಒಂದೊಂದು ಲಿಂಕನ್ನೂ ಕೈಯಲ್ಲೇ ಒತ್ತಿ ನೋಡ್ಬೇಕು.

ಇದಕ್ಕೆ ಪರಿಹಾರ ಹೊಸದೇನಲ್ಲ. 301 ರೀಡೈರೆಕ್ಟ್ ಅಂತ ಇದೆ, ಈ ಪುಟ ಶಾಶ್ವತವಾಗಿ ಇನ್ನೊಂದು ವಿಳಾಸಕ್ಕೆ ಹೋಗಿದೆ ಅಂತ ಸರ್ವರ್ ಬ್ರೌಸರಿಗೆ ಹೇಳೋ ವ್ಯವಸ್ಥೆ. ಮನೆ ಬದಲಾಯಿಸಿದಾಗ ಅಂಚೆಯವರಿಗೆ ಹೊಸ ವಿಳಾಸ ಕೊಟ್ಟು ಬರ್ತೀವಲ್ಲ ಹಾಗೆ. ಹಳೇ ನಂಬರ್ ಒಂದು ಕಡೆ, ಹೊಸ ವಿಳಾಸ ಇನ್ನೊಂದು ಕಡೆ, ಇಷ್ಟು ಇರೋ ಒಂದು ಪಟ್ಟಿ ಇದ್ರೆ ಸಾಕು, ಸರ್ಚ್ ಎಂಜಿನ್‌ಗಳೂ ಅದನ್ನ ನೋಡಿ ಹಳೇ ಪುಟಕ್ಕಿದ್ದ ಬೆಲೆಯನ್ನ ಹೊಸದಕ್ಕೆ ಕೊಡ್ತವೆ, ಅಂದ್ರೆ ಪತ್ರಿಕೆಗೂ ಲಾಭಾನೇ. ನಿಜವಾಗ್ಲೂ ತೆಗೆದು ಹಾಕಿದ ಪುಟ ಆದ್ರೆ 410 ಅನ್ನೋ ಉತ್ತರ ಇದೆ, ಇದು ಹೋಯ್ತು ಇನ್ನು ಬರಲ್ಲ ಅಂತ ನೇರವಾಗಿ ಹೇಳೋದು. ವೆಬ್ಬನ್ನ ಹುಟ್ಟು ಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದರ ಬಗ್ಗೆ ಬರೆದಿದ್ರು, ಒಳ್ಳೇ ವಿಳಾಸ ಬದಲಾಗಲ್ಲ, ವಿಳಾಸದಲ್ಲಿ ಬರೆದೋರ ಹೆಸರು, ವಿಭಾಗದ ಹೆಸರು, ಫೈಲಿನ ಬಾಲ (.html ಥರದ್ದು) ಇಂಥವನ್ನೆಲ್ಲ ತುರುಕಬೇಡಿ ಯಾಕಂದ್ರೆ ಅವೆಲ್ಲ ಒಂದಿನ ಬದಲಾಗ್ತವೆ, ಪುಟ ಹುಟ್ಟಿದ ತಾರೀಖು ಮಾತ್ರ ಬದಲಾಗಲ್ಲ ಅಂತ. ನನ್ನ ಬ್ಲಾಗಲ್ಲಿ ಅದನ್ನೇ ಪಾಲಿಸ್ತೀನಿ, ವರ್ಷ ಆಮೇಲೆ ಒಂದು ಚಿಕ್ಕ ಹೆಸರು ಅಷ್ಟೇ, ಆಮೇಲೆ ತಲೆಬರಹ ತಿದ್ದಿದ್ರೂ ವಿಳಾಸ ಮುಟ್ಟಲ್ಲ.

ಇದು ನಮ್ಮಂಥ ಕೆಲವರ ಗೋಳಲ್ಲ ಅನ್ನೋದಕ್ಕೆ ಲೆಕ್ಕಾನೂ ಇದೆ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷ ಆದ್ಮೇಲೆ ಸಿಗ್ತಿಲ್ಲ. ಅವರು ನೋಡಿದ ಸುದ್ದಿ ಪುಟಗಳಲ್ಲಿ ಶೇಕಡ 23ರಲ್ಲಿ ಒಂದಾದ್ರೂ ಸತ್ತ ಲಿಂಕ್ ಇತ್ತು, ವಿಕಿಪೀಡಿಯ ಪುಟಗಳಲ್ಲಂತೂ ಶೇಕಡ 54ರಲ್ಲಿ ಆಧಾರ ಅಂತ ಕೊಟ್ಟ ಲಿಂಕ್‌ಗಳಲ್ಲೇ ಒಂದಾದ್ರೂ ಹೋಗಿತ್ತು. ಮುದ್ರಿತ ಪತ್ರಿಕೆ ಆದ್ರೆ ಲೈಬ್ರರಿಲಿ ಬೈಂಡ್ ಮಾಡಿಟ್ಟ ಪ್ರತಿ ಸಿಗುತ್ತೆ, ಐವತ್ತು ವರ್ಷ ಹಿಂದಿನ ಸಂಪಾದಕೀಯ ಓದಬಹುದು, ಹತ್ತು ವರ್ಷ ಹಿಂದೆ ಬರೀ ವೆಬ್ಬಲ್ಲಿ ಬಂದ ಲೇಖನ ಓದೋಕ್ಕಾಗಲ್ಲ ಅಂದ್ರೆ ಹೇಗೆ ಒಪ್ಪೋದು.

ಹೀಗೆ ಹೇಳಿದಾಗಲೆಲ್ಲ ಸ್ನೇಹಿತರು ಕೇಳೋದು ಒಂದೇ, ಈಗ ಯಾರಪ್ಪ ಬ್ಲಾಗ್ ಓದ್ತಾರೆ, ಫೇಸ್‌ಬುಕ್ಕಲ್ಲೋ ಇನ್ಸ್ಟಾಗ್ರಾಮಲ್ಲೋ ಹಾಕ್ಬಾರ್ದಾ ಅಂತ. ಹಾಕಬಹುದು, ನಾನೂ ಹಾಕ್ತೀನಿ, ಆದ್ರೆ ಮೂಲ ಮಾತ್ರ ಸ್ವಂತ ವಿಳಾಸದಲ್ಲೇ ಇರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೇರೆಯವರ ಜಾಗ ಯಾವತ್ತು ಮುಚ್ಚುತ್ತೋ ಹೇಳೋಕಾಗಲ್ಲ. ಜನ ತಮ್ಮ ಪುಟ ಮಾಡ್ಕೊಳ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಅದೇ 2019ರಲ್ಲಿ ಮೈಸ್ಪೇಸ್ ಒಂದು ಸರ್ವರ್ ಬದಲಾವಣೆಲಿ ಮೂರು ವರ್ಷಕ್ಕಿಂತ ಹಳೇ ಫೋಟೋ, ವಿಡಿಯೋ, ಹಾಡು ಎಲ್ಲ ಹೋಗಿರಬಹುದು ಅಂತ ಹೇಳಿ ಕೈ ತೊಳ್ಕೊಂತು. ಬ್ಲಾಗಿಗೇ ಅಂತ ಹುಟ್ಟಿದ್ದ ಟೈಪ್‌ಪ್ಯಾಡ್ ಕೂಡ 2025ರ ಸೆಪ್ಟೆಂಬರಲ್ಲಿ ನಿಂತ್ಹೋಯ್ತು. ಇವೆಲ್ಲದರಲ್ಲೂ ಜನ ತಮ್ಮ ಜೀವನದ ಭಾಗಾನೇ ಬರೆದಿಟ್ಟಿದ್ರು, ಮದುವೆ ಫೋಟೋ, ತೀರಿಹೋದ ಸ್ನೇಹಿತರ ಬಗ್ಗೆ ಬರೆದ ನಾಲ್ಕು ಸಾಲು, ರಾತ್ರಿಯೆಲ್ಲ ಕೂತು ಮಾಡಿದ ವಾದ, ಮುಚ್ಚೋ ಮುಂಚೆ ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಕಂಪನಿಗಳು ಹೇಳಿದ್ರೂ ಆ ಮೇಲ್ ನೋಡದೇ ಇದ್ದೋರೇ ಜಾಸ್ತಿ ಇರ್ತಾರೆ. ವರ್ಡ್‌ಪ್ರೆಸ್ಸಲ್ಲಿ, ಬ್ಲಾಗರಲ್ಲಿ ಬರೆಯೋರಿಗೆ ಎಕ್ಸ್‌ಪೋರ್ಟ್ ಇಲ್ಲಾ ಬ್ಯಾಕಪ್ ಅಂತ ಒಂದು ಆಯ್ಕೆ ಇದೆ, ಮೆನುವಿನಲ್ಲಿ ಎಲ್ಲೋ ಒಳಗಡೆ ಇರುತ್ತೆ, ಒತ್ತಿದ್ರೆ ಅಷ್ಟೂ ಬರಹ ಒಂದು ಫೈಲಾಗಿ ಬರುತ್ತೆ. ಫೋಟೋಗಳು ಅದರ ಜೊತೆ ಬಂದಿವೆಯಾ ಅಂತ ಮಾತ್ರ ಬೇರೆಯಾಗಿ ನೋಡ್ಕೋಬೇಕು, ಎಷ್ಟೋ ಸಲ ಫೈಲಲ್ಲಿ ಬರೋದು ಫೋಟೋದ ಲಿಂಕ್ ಅಷ್ಟೇ, ಫೋಟೋ ಅಲ್ಲ.

ಸ್ವಂತ ಡೊಮೈನ್, ಅಂದ್ರೆ ದುಡ್ಡು ಕೊಟ್ಟು ತಗೊಂಡ ಸೈಟಿನ ಹೆಸರು, ಇದ್ರೂ ಜೋಪಾನ ಬೇಕು. ವರ್ಷ ವರ್ಷ ರಿನ್ಯೂ ಮಾಡ್ಬೇಕು, ಮರೆತ್ರೆ ಡಾಟ್ ಕಾಮ್ ಹೆಸರುಗಳಿಗೆ ಡಿಲೀಟ್ ಆದ್ಮೇಲೂ 30 ದಿನ ವಾಪಸ್ ಪಡ್ಕೊಳ್ಳೋ ಅವಕಾಶ ಇರುತ್ತೆ, ಅದೂ ದಾಟಿದ್ರೆ ಇನ್ನೊಂದು 5 ದಿನ ಅದು ಯಾರಿಗೂ ಸಿಗಲ್ಲ, ಆಮೇಲೆ ಯಾರು ಬೇಕಾದ್ರೂ ತಗೋಬಹುದು. ಮಕ್ಕಳಿಗೆ ನಕ್ಷತ್ರ ಗುರುತಿಸೋದು ಹೇಳಿಕೊಡ್ತಿದ್ದ ಒಂದು ಪುಟ್ಟ ಸೈಟನ್ನ ನಾನು ಬಹಳ ಹಿಂದೆ ಹೊಗಳಿ ಬರೆದಿದ್ದೆ, ನಡೆಸ್ತಿದ್ದೋರು ಯಾವಾಗ ಬಿಟ್ರೋ ಗೊತ್ತಿಲ್ಲ, ಈಗ ಆ ವಿಳಾಸ ಒತ್ತಿದ್ರೆ ಜೂಜಿನ ಸೈಟ್ ತೆರ್ಕೊಳ್ಳುತ್ತೆ. ನನ್ನ ಪೋಸ್ಟಲ್ಲಿ ಮಕ್ಕಳಿಗೆ ತೋರಿಸಿ ಅಂತ ಬರೆದಿತ್ತು. ಆ ದಿನ ಎಲ್ಲ ಕೆಲಸ ಬಿಟ್ಟು ಆ ಲಿಂಕ್ ತೆಗೆದು, ಹಳೇ ವೆಬ್ ಪುಟಗಳನ್ನ ತೋರಿಸೋ ವೇಬ್ಯಾಕ್ ಮಷೀನಲ್ಲಿ ಉಳಿದಿದ್ದ ಹಳೇ ಪ್ರತಿಗೆ ಜೋಡಿಸಿ, ಕೆಳಗೆ ಯಾಕೆ ಬದಲಾಯಿಸಿದೆ ಅಂತ ಒಂದು ಸಾಲು ಹಾಕಿದೆ.

ಈ ವೇಬ್ಯಾಕ್ ಮಷೀನ್ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಇದನ್ನ ನಡೆಸೋ ಇಂಟರ್ನೆಟ್ ಆರ್ಕೈವ್ ಅನ್ನೋ ಲಾಭದ ಉದ್ದೇಶ ಇಲ್ಲದ ಸಂಸ್ಥೆ 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡ್ತಾ ಬಂದಿದೆ, 2001ರಿಂದ ಯಾರು ಬೇಕಾದ್ರೂ ಅದನ್ನ ನೋಡಬಹುದು. ನಾನು ಯಾವ ಲೇಖನಕ್ಕೆ ಲಿಂಕ್ ಕೊಟ್ರೂ ಮೊದ್ಲು ಅದರ ವಿಳಾಸ ಅಲ್ಲಿ ಹಾಕಿ ಸೇವ್ ಮಾಡಿಸ್ತೀನಿ. ಜೊತೆಗೆ ಪೋಸ್ಟಲ್ಲಿ ಲೇಖನದ ತಲೆಬರಹ, ಬರೆದೋರ ಹೆಸರು, ತಾರೀಖು ಮೂರನ್ನೂ ಅಕ್ಷರದಲ್ಲಿ ಬರೀತೀನಿ, ಇಲ್ಲಿ ಒತ್ತಿ ಅಂತ ಮಾತ್ರ ಬರೆದ್ರೆ ಲಿಂಕ್ ಸತ್ತ ದಿನ ಹುಡುಕೋಕೆ ಒಂದು ಹಿಡಿಯೂ ಉಳಿಯಲ್ಲ. ಯಾರದಾದ್ರೂ ಸೋಷಿಯಲ್ ಮೀಡಿಯಾ ಪೋಸ್ಟನ್ನ ಎಂಬೆಡ್ ಮಾಡೋದೂ, ಅಂದ್ರೆ ಅಲ್ಲಿಂದಲೇ ಎಳೆದು ನಮ್ಮ ಪುಟದಲ್ಲಿ ತೋರಿಸೋದೂ ಅಷ್ಟೇ, ಅವರು ಡಿಲೀಟ್ ಮಾಡಿದ್ರೆ ನಮ್ಮ ಪುಟದಲ್ಲಿ ಖಾಲಿ ಪೆಟ್ಟಿಗೆ, ಅದಕ್ಕೇ ಬೇಕಾದ ಸಾಲನ್ನ ಅವರ ಹೆಸರು ಹಾಕಿ ನನ್ನ ಪುಟದಲ್ಲೇ ಬರ್ಕೋತೀನಿ. ಆದ್ರೆ ಕೆಲವು ಸುದ್ದಿ ಸೈಟ್‌ಗಳು ಆರ್ಕೈವಿನ ಕ್ರಾಲರನ್ನೇ, ಅಂದ್ರೆ ಪುಟಗಳ ಪ್ರತಿ ತೆಗೆಯೋಕೆ ಬರೋ ಪ್ರೋಗ್ರಾಮನ್ನೇ ಒಳಗೆ ಬಿಡಲ್ಲ, ತಾವೂ ಉಳಿಸಲ್ಲ ಉಳಿಸೋರನ್ನೂ ಬಿಡಲ್ಲ ಅಂದ್ರೆ ಆ ಬರಹ ಎಲ್ಲಿ ಉಳೀಬೇಕು ಸ್ವಾಮಿ? ಎಐ ಕಂಪನಿಗಳು ಬಂದು ಎಲ್ಲಾ ಗುಡಿಸ್ಕೊಂಡು ಹೋಗ್ತಾವೆ ಅನ್ನೋ ಭಯ ನನಗೂ ಅರ್ಥ ಆಗುತ್ತೆ, ಆ ಸಿಟ್ಟು ಆರ್ಕೈವಿನ ಮೇಲೆ ತೀರಿಸ್ಕೊಳ್ಳೋದು ಬೇಡ.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ನಷ್ಟ ಮೊದ್ಲೇ ಆಗಿಹೋಗಿದೆ. ಎಲ್ಲಾ ಕಂಪ್ಯೂಟರಲ್ಲೂ ಕನ್ನಡ ಒಂದೇ ಥರ ಕಾಣೋ ಹಾಗೆ ಮಾಡಿದ ಯುನಿಕೋಡ್ ಅನ್ನೋ ಅಕ್ಷರ ಸಂಕೇತ ರೂಢಿಗೆ ಬರೋ ಮುಂಚೆ ಒಂದೊಂದು ಸೈಟೂ ತನ್ನದೇ ಫಾಂಟ್ ಬಳಸ್ತಿತ್ತು, ಕೆಲವು ಇಂಟರ್ನೆಟ್ ಎಕ್ಸ್‌ಪ್ಲೋರರಲ್ಲಿ ಮಾತ್ರ ಕಾಣ್ತಿದ್ವು. ಆ ಪುಟ ಈಗ ತೆರೆದ್ರೆ ಅರ್ಥ ಇಲ್ಲದ ರೋಮನ್ ಅಕ್ಷರದ ಸಾಲು, ಸರ್ಚಲ್ಲೂ ಸಿಗಲ್ಲ. ಯುನಿಕೋಡಿಗೆ ಬಂದಾಗ ಎಷ್ಟೋ ಸೈಟಿನೋರು ಹೊಸ ಲೇಖನಗಳಿಗಷ್ಟೇ ಹೊಸ ವ್ಯವಸ್ಥೆ ಮಾಡ್ಕೊಂಡು ಹಳೇವನ್ನ ಬಿಟ್ಟುಬಿಟ್ರು. ಪರಿವರ್ತಕಗಳು ಇವೆ, ಹಳೇ ಡೇಟಾಬೇಸ್ ಯಾರ ಹತ್ರಾನಾದ್ರೂ ಇದ್ರೆ ಇವತ್ತೂ ಆ ಬರಹಗಳನ್ನ ಬದುಕಿಸಬಹುದು.

ಹಾಗಂತ ಎಲ್ಲಾ ಹೋಯ್ತು ಅಂತ ಅಳ್ತಾ ಕೂತಿಲ್ಲ ನಾನು. ಸೈಟಲ್ಲಿ ಹೊಸದು ಬಂದಾಗಲೆಲ್ಲ ಓದುಗರ ಆಪಿಗೆ ತಾನಾಗೇ ತಲುಪಿಸೋ ಪಟ್ಟಿಗೆ ಆರೆಸ್ಸೆಸ್ (RSS) ಫೀಡ್ ಅಂತಾರೆ, ಅದನ್ನ ಓದೋಕಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಾಗ ಫೀಡ್ ಕಥೆ ಮುಗೀತು ಅಂದ್ರು, ಫೀಡ್ ಇವತ್ತಿಗೂ ನಡೀತಿದೆ, ಪಾಡ್‌ಕಾಸ್ಟ್‌ಗಳು ಬೇರೆ ಬೇರೆ ಆಪಿಗೆ ತಲುಪ್ತಿರೋದು ಹೆಚ್ಚಾಗಿ ಅದರ ಮೇಲೇನೇ. ಫೀಡ್ ರೀಡರಲ್ಲಿ ಓದೋದು ಅಂದ್ರೆ ನಾನು ಆರಿಸ್ಕೊಂಡೋರು ಬರೆದಿದ್ದು, ಬರೆದ ಕ್ರಮದಲ್ಲೇ, ನಡುವೆ ಯಾರೂ ಕೈ ಹಾಕದೇ ಸಿಗೋದು, ಹಾಗೆ ಓದಿದ ಮೇಲೆ ಮನಸ್ಸಿಗೆ ಬರೋ ನೆಮ್ಮದಿ ಟೈಮ್‌ಲೈನ್ ಉಜ್ಜಿದಾಗ ಯಾವತ್ತೂ ಬಂದಿಲ್ಲ. ಎಷ್ಟೋ ಪತ್ರಿಕೆ ಸೈಟ್‌ಗಳಲ್ಲಿ ಫೀಡ್ ಇದ್ರೂ ಅದರ ಲಿಂಕ್ ಎಲ್ಲೂ ಕಾಣಲ್ಲ, ಪುಟದ ಕೆಳಗಾದ್ರೂ ಕಾಣೋ ಹಾಗೆ ಹಾಕಿ.

ಇನ್ನೊಂದು ಸಣ್ಣದು, ಲೇಖನದ ತಾರೀಖು. ಅಪ್‌ಡೇಟೆಡ್ ಅಂತ ಇವತ್ತಿನ ದಿನ ಮಾತ್ರ ತೋರಿಸೋ ಪುಟಗಳಿವೆ, ಮೊದ್ಲು ಪ್ರಕಟ ಆಗಿದ್ದು ಯಾವಾಗ ಅಂತ ಇರಲ್ಲ, ಹಳೇ ಸುದ್ದಿ ಹೊಸದಾಗಿ ವಾಟ್ಸಾಪಲ್ಲಿ ಸುತ್ತೋದಕ್ಕೆ ಇದೂ ಒಂದು ಕಾರಣ. ಎರಡೂ ತಾರೀಖು ಹಾಕಿ, ತಿದ್ದಿದ್ರೆ ಏನು ತಿದ್ದಿದ್ರಿ ಅಂತ ಹೇಳಿ.

ನಿಮ್ಮ ಪತ್ರಿಕೆಯ ಸೈಟೂ ಇವತ್ತಲ್ಲ ನಾಳೆ ಬದಲಾಗುತ್ತೆ, ಸಾಫ್ಟ್‌ವೇರ್ ಹಳೇದಾಗುತ್ತೆ, ಬದಲಾಯಿಸ್ಲೇಬೇಕಾಗುತ್ತೆ, ಅದರಲ್ಲಿ ತಪ್ಪೇನಿಲ್ಲ. ಆ ಕೆಲಸ ಯಾರಿಗೆ ಕೊಟ್ರೂ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ, ಹಳೇ ವಿಳಾಸಗಳೆಲ್ಲ ಹೊಸ ವಿಳಾಸಕ್ಕೆ ಹೋಗ್ಬೇಕು, ಮುಖಪುಟಕ್ಕಲ್ಲ ಅದೇ ಲೇಖನಕ್ಕೆ ಹೋಗ್ಬೇಕು ಅಂತ. ಹೊಸ ಸೈಟ್ ಬಿಡುಗಡೆ ಆಗೋ ಮುಂಚೆ ಬೇರೆ ಬೇರೆ ವರ್ಷದ ಕೆಲವು ಹಳೇ ಲಿಂಕ್‌ಗಳನ್ನ ನಿಮ್ಮ ಡೆಸ್ಕಲ್ಲೇ ಯಾರಾದ್ರೂ ಕೂತು ಒತ್ತಿ ನೋಡ್ಲಿ. ಹಳೇ ಸರ್ವರ್ ಆಫ್ ಮಾಡೋ ಮುಂಚೆ ವಿಳಾಸಗಳ ಪಟ್ಟಿ ತೆಗೆದು ಎರಡು ಕಡೆ ಇಟ್ಕೊಳ್ಳಿ, ಆಫ್ ಆದ್ಮೇಲೆ ಆ ಪಟ್ಟಿ ಮತ್ತೆ ಮಾಡೋಕೆ ಯಾರಿಂದಲೂ ಆಗಲ್ಲ.

ಇತಿ,
ನಿಮ್ಮ ಓದುಗ, ಒಬ್ಬ ಬ್ಲಾಗ್ ಬರಹಗಾರ